ಉಸುಕಿಗೆ ಕಿವಿಯಿಲ್ಲ

ಕಮಲಾಪುರ
12 ಜನವರಿ 2025

ಗೆಳೆಯ ಚಾಂದಪಾಶಾನಿಗೆ,

ಇಲ್ಲಿ ಎಲ್ಲರೂ ಕ್ಷೇಮ, ಗಾಡಿಯೊಂದನ್ನು ಬಿಟ್ಟು. ನಾವು ಮಾತು ಬರೆಯುವ ನಿನ್ನ ಸೈಲೆನ್ಸರ್ ಅಂಗಡಿಯ ಸ್ಲೇಟಿನಲ್ಲಿ ನಾಲ್ಕೇ ಸಾಲು ಹಿಡಿಯುತ್ತವೆ. ನನ್ನ ಮಾತು ನಾಲ್ಕು ಸಾಲಿಗೆ ಎಂದಾದರೂ ಮುಗಿದದ್ದು ಉಂಟೇ? ಫೋನಿನಲ್ಲಿ ಕೂಗಿದರೆ ನಿನಗೆ ಕೇಳಿಸದು. ಮೆಸೇಜು ಕಳಿಸಿದರೆ, ವೆಲ್ಡಿಂಗ್ ಬೆಂಕಿ ನೋಡಿ ನೋಡಿ ಸೋತ ನಿನ್ನ ಕಣ್ಣಿಗೆ ಆ ಇರುವೆಯಂಥ ಅಕ್ಷರ ಕಾಣದು. ಅದಕ್ಕೇ ಕಾಗದದ ಮೇಲೆ, ನಮ್ಮ ಸಾಲೆಯ ಮಾಸ್ತರು ಮೆಚ್ಚಿದ್ದ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಬಾಳೆಹಣ್ಣಿನ ಟೆಂಪೋದ ದೌಲಪ್ಪ ಗಾಜಿಪುರಕ್ಕೆ ತಂದು ಮುಟ್ಟಿಸುತ್ತಾನೆ. ಉತ್ತರವನ್ನೂ ಅವನ ಕೈಯಲ್ಲೇ ಕೊಡು.

ನಿನ್ನ ಅತ್ತಿಗೆ ಜಯದೇವಿಯ ಎರಡೂ ಕಿಡ್ನಿ ಕೈಕೊಟ್ಟು ಹದಿನಾಲ್ಕು ತಿಂಗಳಾಯಿತು. ಮಂಗಳವಾರ, ಶುಕ್ರವಾರ ಕಲಬುರಗಿಗೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆವು. ಇಳಿಯುವ ಹೊತ್ತಿಗೆ ಅವಳು ಒಗೆದು ಹಿಂಡಿದ ಬಟ್ಟೆಯಾಗುತ್ತಿದ್ದಳು. ಅದಕ್ಕೇ ಒಂದು ಹಳೆಯ ವ್ಯಾನು ತೆಗೆದುಕೊಂಡು, ಹಿಂದಿನ ಸೀಟು ಕಿತ್ತು, ಎಡಕ್ಕೆ ಹಾಸಿಗೆ ಮಾಡಿಸಿದೆ. ಬಲಕ್ಕೆ ಒಂದೇ ಒಂದು ಸೀಟು ಉಳಿಸಿದೆ, ಜೊತೆಗೆ ಯಾರಾದರೂ ಬಂದರೆ ಇರಲಿ ಅಂತ.

ಆದರೆ ವ್ಯಾನು ತಿರುವಿನಲ್ಲಿ ತೊಟ್ಟಿಲಿನಂತೆ ವಾಲುತ್ತಿತ್ತು. "ಇದಕ್ಕಿಂತ ಬಸ್ಸೇ ಛಲೋ ಇತ್ತಲ್ರಿ" ಎಂದಳು. ವಿಚಾರಿಸಿದಾಗ, ಹಿಂದಿನ ಎರಡು ಗಾಲಿಗಳನ್ನು ಒಂದಕ್ಕೊಂದು ಹಿಡಿದಿಟ್ಟು ಗಾಡಿ ವಾಲದಂತೆ ಮಾಡುವ ಒಂದು ಉಕ್ಕಿನ ಸರಳು ಇದೆ ಎಂದು ತಿಳಿಯಿತು. ಸ್ಟೆಬಿಲೈಸರ್ ರಾಡ್ ಅನ್ನುತ್ತಾರಂತೆ. ಗುಜರಿಯಿಂದ ಒಂದನ್ನು ಹುಡುಕಿ ತಂದು, ಗಾಡಿಯನ್ನು ಜಾಕಿನ ಮೇಲೆ ಎತ್ತಿ, ಇಲ್ಲಿಯ ಫಿಟ್ಟರನ ಜೊತೆ ನಾನೇ ಮಲಗಿ ಹಾಕಿಸಿದೆ. ರಾಡಿಗೂ ಅದರ ಮೇಲೆ ಹಾಯುವ ಸೈಲೆನ್ಸರ್ ಪೈಪಿಗೂ ನಡುವೆ ಎಷ್ಟು ಜಾಗ ಉಳಿಯಿತು ಅಂತ ಅಳೆದೆ. ಕೈಗೆ ಸಿಕ್ಕದ್ದು ನಮ್ಮದೇ ಕೆಂಪು ಬಾಳೆಹಣ್ಣು. ಸಿಪ್ಪೆಗೆ ಗೀರು ಬೀಳದಂತೆ ಆಚೆಗೆ ದಾಟಿತು. ಸಾಕು ಎಂದೆ.

ವಾಲುವುದು ನಿಂತಿತು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳು ದಾರಿಯಲ್ಲಿ ನಿದ್ದೆ ಮಾಡಿದಳು. ಆದರೆ ಮೂರನೇ ಸಲಕ್ಕೆ ಸದ್ದು ಶುರುವಾಯಿತು. ತಗ್ಗು ಬಂದರೆ ಅಥವಾ ಹಂಪ್ ಬಂದರೆ ಒಂದು ಪೆಟ್ಟು. ಅದು ಸಡಿಲ ತಗಡಿನ ಗಲಗಲ ಅಲ್ಲ. ತುಂಬಿದ ಕೊಡಕ್ಕೆ ಬೆರಳಿನ ಗೆಣ್ಣಿನಿಂದ ಹೊಡೆದಂತಹ ಸದ್ದು. ಬಲಗಡೆ, ಗಾಲಿಯ ಅಚ್ಚಿನ ಮೇಲೆ. ಪೆಟ್ಟು ಪೈಪಿನ ಹೊರಗಿನಿಂದ ಬೀಳುತ್ತಿದೆ, ಒಳಗಿನಿಂದಲ್ಲ. ಪ್ರತಿ ಪೆಟ್ಟಿಗೂ ಅವಳು ಬೆಚ್ಚಿ, ಸೂಜಿ ಚುಚ್ಚುವ ಕೈಯನ್ನು ಎದೆಗೆ ಒತ್ತಿಕೊಳ್ಳುತ್ತಾಳೆ.

ಏನು ಮಾಡಲಿ?

ನಿನ್ನ
ಕಲ್ಯಾಣಪ್ಪ


ಗಾಜಿಪುರ, ಕಲಬುರಗಿ
16 ಜನವರಿ 2025

ಕಲ್ಯಾಣಪ್ಪನಿಗೆ ಚಾಂದಪಾಶಾನ ಸಲಾಂ.

ಜಯದೇವಿ ಅತ್ತಿಗೆಯ ವಿಷಯ ಓದಿ ಕೆಟ್ಟೆನಿಸಿತು. ಹದಿನಾಲ್ಕು ತಿಂಗಳು ನನಗೆ ಹೇಳಲಿಲ್ಲ. ಗಾಡಿ ಸದ್ದು ಮಾಡಿದ ಮೇಲೆ ನೆನಪಾದೆ.

ಸದ್ದಿಗೆ ಹೆದರಬೇಡ, ಸದ್ದು ಮಾಡುವ ಪೆಟ್ಟಿಗೆ ಹೆದರು. ರಾಡು ಒಂದೇ ಜಾಗಕ್ಕೆ ಬಡಿಯುತ್ತಿದ್ದರೆ ಪೈಪು ಬೆಸುಗೆಯಲ್ಲಿ ಸೀಳುತ್ತದೆ. ಅದರ ಪಕ್ಕದಲ್ಲೇ ನಿನ್ನ ಹಾಸಿಗೆ. ಆ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷವೂ ಇರುತ್ತದೆ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಮಲಗಿದವರು ಮಲಗಿದಲ್ಲೇ ಉಳಿಯುತ್ತಾರೆ. ಇಂದಿನಿಂದ ಕಿಟಕಿ ತೆರೆದೇ ಓಡಿಸು. ಚಳಿಯಾದರೆ ಇನ್ನೊಂದು ಕಂಬಳಿ ಹೊದಿಸು.

ಮಂಗಳವಾರ ಅತ್ತಿಗೆ ಮಷೀನಿನ ಮೇಲಿರುವಾಗ ನಾಲ್ಕು ತಾಸು ಖಾಲಿ ಇರುತ್ತೀಯಲ್ಲ? ಗಾಡಿ ಇಲ್ಲಿಗೆ ತಾ.

ಬಾಳೆಹಣ್ಣಿನಿಂದ ಅಳೆದ ವಿಷಯ ಬೇರೆ ಯಾರಿಗೂ ಹೇಳಬೇಡ.

ಚಾಂದಪಾಶಾ


ಕಮಲಾಪುರ
22 ಜನವರಿ 2025

ಗೆಳೆಯಾ,

ನಿನ್ನೆ ನಿನ್ನಲ್ಲಿಗೆ ಬಂದಿದ್ದ ಗಾಡಿ ಎಂಥ ಸಭ್ಯ ಗಾಡಿ! ಒಂದು ಪೆಟ್ಟಿಲ್ಲ, ಒಂದು ಕೊಸರಿಲ್ಲ. ನೀನು ಗಾಡಿಯ ಕೆಳಗಿನ ಹೊಂಡಕ್ಕೆ ಇಳಿದು ನೋಡಿ, ಒಂದು ಬೆರಳು ಸಂದಿದೆ, ಏನೂ ತಾಗುತ್ತಿಲ್ಲ ಎಂದು ಸ್ಲೇಟಿನಲ್ಲಿ ಬರೆದೆ. ನಾನು ಸುಳ್ಳುಗಾರನಾದೆ.

ನಾನು ಸುಲಭಕ್ಕೆ ಬೆರಗಾಗುವ ಮನುಷ್ಯನಲ್ಲ ಎಂದು ನಿನಗೆ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಬುಟ್ಟಿ ಹೊತ್ತು ಶುರು ಮಾಡಿದವನು, ಎದುರಿನವನ ಮುಖ ನೋಡಿಯೇ ಅವನು ಎಷ್ಟು ಹಣ್ಣು ಕೊಳ್ಳುತ್ತಾನೆಂದು ಹೇಳಬಲ್ಲೆ. ಆದರೆ ನಿನ್ನೆ ಇಂಜಿನ್ ಚಾಲೂ ಇರುವಾಗ ನೀನು ಪೈಪಿನ ಬುಡದಿಂದ ತುದಿಯವರೆಗೆ ಒದ್ದೆ ಬಟ್ಟೆ ಸುತ್ತಿದ ಅಂಗೈ ಇಟ್ಟು ಕಣ್ಣು ಮುಚ್ಚಿದೆಯಲ್ಲ, ವೈದ್ಯರು ನಾಡಿ ನೋಡುವುದನ್ನು ನಾನು ಈಗ ವಾರಕ್ಕೆರಡು ಸಲ ನೋಡುತ್ತೇನೆ, ಯಾರೂ ಹಾಗೆ ನೋಡುವುದಿಲ್ಲ. ಪೈಪನ್ನು ತೂಗುಹಾಕಿದ ಮೂರನೇ ರಬ್ಬರು ಜೋತು ಬಿದ್ದಿದೆ ಎಂದು ನೀನು ಬರೆದೆ. ಬಗ್ಗಿ ನೋಡಿದರೆ ನಿಜಕ್ಕೂ ಮೂರನೆಯದೇ. ನೀನು ಅದನ್ನು ನೋಡಿಯೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಆದರೆ ಮನೆಗೆ ಮರಳುವಾಗ ತಾಜಸುಲ್ತಾನಪುರ ದಾಟುತ್ತಲೇ ಮತ್ತೆ ಅದೇ ತುಂಬಿದ ಕೊಡ. ನನ್ನ ಚಟ ನಿನಗೆ ಗೊತ್ತಲ್ಲ, ಎಲ್ಲವನ್ನೂ ಬರೆದಿಡುತ್ತೇನೆ. ವೈದ್ಯರು ಮಿತಿ ಹಾಕಿದ ಜಯದೇವಿಯ ನೀರಿನ ಲೋಟಗಳನ್ನು ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಪೆಟ್ಟುಗಳನ್ನೂ ಬರೆದಿದ್ದೇನೆ. ಶುಕ್ರವಾರ ಹೋಗುವಾಗ ಒಂಬತ್ತು, ಬರುವಾಗ ಆರು. ನಿನ್ನೆ ಹೋಗುವಾಗ ಹತ್ತು, ಬರುವಾಗ ಆರು. ಅದೇ ದಾರಿ, ಅದೇ ತಗ್ಗು, ಅದೇ ಡ್ರೈವರ್. ಹೋಗುವಾಗ ಯಾಕೆ ಹೆಚ್ಚು?

ಗಾಡಿಯಲ್ಲಿ ಇರುವವರು ನಾವಿಬ್ಬರೇ, ನಾನು ಮತ್ತು ಜಯದೇವಿ. ಲೆಕ್ಕಕ್ಕಿರಲಿ ಎಂದು ಬರೆದೆ.

ನಿನ್ನ
ಕಲ್ಯಾಣಪ್ಪ


ಗಾಜಿಪುರ
27 ಜನವರಿ 2025

ಕಲ್ಯಾಣಪ್ಪ,

ಜಾಕಿನ ಮೇಲೆ ಅಳೆದದ್ದು ನಿನ್ನ ತಪ್ಪು. ಖಾಲಿ ಗಾಡಿಯಲ್ಲಿ ಅಳೆದದ್ದು ನನ್ನ ತಪ್ಪು.

ರಾಡು ಕೂತಿರುವುದು ಗಾಲಿಯ ಅಚ್ಚಿನ ಮೇಲೆ. ಪೈಪು ತೂಗುತ್ತಿರುವುದು ಗಾಡಿಯ ಮೈಗೆ, ರಬ್ಬರಿನಿಂದ. ಜಾಕು ಹಾಕಿ ಎತ್ತಿದರೆ ಗಾಲಿ ಕೆಳಗೆ ಜೋತು ಬೀಳುತ್ತದೆ, ನಡುವೆ ಬಾಳೆಹಣ್ಣು ಹೋಗುತ್ತದೆ. ನೆಲಕ್ಕೆ ಇಳಿಸಿದರೆ ಒಂದು ಬೆರಳು ಹೋಗುತ್ತದೆ. ಭಾರ ಕೂತರೆ ಮೈ ತಗ್ಗಿ ಪೈಪು ರಾಡಿನ ಮೇಲೆ ಬಂದು ಕೂರುತ್ತದೆ. ಜನ ಕೂತಾಗ ಎಷ್ಟು ಸಂದಿ ಉಳಿಯುತ್ತದೆ ಎನ್ನುವುದೇ ನಮಗೆ ಬೇಕಾದ ಅಳತೆ.

ಓಡುವ ಗಾಡಿಯ ಕೆಳಗೆ ನಾನು ಮಲಗಲಾರೆ. ಅದಕ್ಕೇ ಹೀಗೆ ಮಾಡು. ಅತ್ತಿಗೆಗೆ ಹೇಳಿ ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿಸು. ಎರಡು ಉಂಡೆ ಮಾಡು. ಒಂದನ್ನು ಬಲಗಡೆ ಪೈಪು ರಾಡನ್ನು ದಾಟುವಲ್ಲಿ ತುಂಬು, ಇನ್ನೊಂದನ್ನು ನಡುವೆ ಸೈಲೆನ್ಸರಿನ ಡಬ್ಬಿಯ ಕೆಳಗೆ. ದಾರದಿಂದ ಬಿಗಿ. ಗಾಡಿ ದಿನವೂ ಹೇಗೆ ಹೋಗುತ್ತದೋ ಹಾಗೇ ಹೋಗಲಿ, ಒಬ್ಬರೂ ಹೆಚ್ಚು ಬೇಡ, ಒಬ್ಬರೂ ಕಡಿಮೆ ಬೇಡ. ಪೈಪು ಕಾದು ಹಿಟ್ಟು ಬೇಯುತ್ತದೆ. ಎಷ್ಟು ಒತ್ತಿತೋ ಅಷ್ಟಕ್ಕೇ ಗಟ್ಟಿಯಾಗಿ ನಿಲ್ಲುತ್ತದೆ. ಆಸ್ಪತ್ರೆ ಮುಟ್ಟಿದ ಮೇಲೆ ಬಿಡಿಸಿ, ಮುರಿಯದಂತೆ ಕಳಿಸು.

ಪೆಟ್ಟಿನ ಪುಟವನ್ನೂ ಕಳಿಸು. ಆ ಹತ್ತು ಮತ್ತು ಆರು ನನ್ನ ತಲೆಯಿಂದ ಹೋಗುತ್ತಿಲ್ಲ.

ಚಾಂದಪಾಶಾ


ಕಮಲಾಪುರ
1 ಫೆಬ್ರವರಿ 2025

ಗೆಳೆಯಾ,

ಇದರೊಂದಿಗಿನ ಸ್ಟೀಲ್ ಡಬ್ಬಿಯಲ್ಲಿ, ಅರಿವೆಯಲ್ಲಿ ಸುತ್ತಿ, ಎರಡು ರೊಟ್ಟಿ ಕಳಿಸಿದ್ದೇನೆ. ದೌಲಪ್ಪ ತಿಂದುಬಿಟ್ಟಾನೆಂದು ಡಬ್ಬಿಗೆ ದಾರ ಕಟ್ಟಿದ್ದೇನೆ.

ಜಯದೇವಿ ಹಿಟ್ಟು ನಾದುವಾಗ, "ಐವತ್ತು ವರ್ಷ ಒಲಿಮ್ಯಾಗ ರೊಟ್ಟಿ ಬಡದೀನಿ, ಗಾಡಿ ಕೆಳಗ ಬಡಿಯೂದು ಇದೇ ಮೊದಲು. ಪಲ್ಯ ಏನ್ ಮಾಡ್ಲಿ ಹೇಳ್ರಿ, ಗ್ರೀಸ್ ಪಲ್ಯಾ?" ಎಂದಳು. ಎಷ್ಟು ದಿನವಾಗಿತ್ತು ಅವಳು ಹೀಗೆ ಕೆಣಕಿ!

ಆಸ್ಪತ್ರೆಯ ಆವರಣದಲ್ಲಿ ನಾನು ಧೋತರ ಎತ್ತಿ ಕಟ್ಟಿ ಗಾಡಿಯ ಕೆಳಗೆ ತೂರಿ ರೊಟ್ಟಿ ಕೀಳುತ್ತಿದ್ದೆ. ಕಾವಲುಗಾರ ಓಡಿ ಬಂದ. "ಏನ್ ತೆಗಿಲಿಕತ್ತೀರಿ ಯಜಮಾನ್ರೆ?" ಎಂದ. "ರೊಟ್ಟಿ" ಎಂದೆ. ಅವನು ಬಗ್ಗಿ ರೊಟ್ಟಿ ನೋಡಿ ಹೋದ. ನಾವು ಹೊರಡುವಾಗ ಬಹಳ ಮರ್ಯಾದೆಯಿಂದ ಮಾತಾಡಿಸಿದ.

ನಡುವಿನದು ದಪ್ಪ, ಬಲದ್ದು ಹಪ್ಪಳ. ಅಷ್ಟು ನನ್ನ ಕಣ್ಣಿಗೂ ತಿಳಿಯಿತು. ಬಲದ್ದನ್ನು ಬೆಳಕಿಗೆ ಹಿಡಿದಾಗ ಆಚೆಗಿನ ಬೇವಿನ ಗಿಡ ಮಬ್ಬಾಗಿ ಕಂಡಿತು. ಒಂದು ಹಿಡಿ ಹಿಟ್ಟು ನಾನು ನೋಡಲಾಗದ ಜಾಗದಲ್ಲಿ ಮೂವತ್ತೇಳು ಕಿಲೋಮೀಟರ್ ಕೂತು, ಕಂಡದ್ದನ್ನೆಲ್ಲ ಮೈಮೇಲೆ ಬರೆದುಕೊಂಡು ಬಂದಿದೆ.

ಪುಟವನ್ನೂ ಇಟ್ಟಿದ್ದೇನೆ. ನಿನ್ನೆಯದು ಹೋಗುವಾಗ ಒಂಬತ್ತು, ಬರುವಾಗ ಐದು.

ಗಾಡಿಯಲ್ಲಿ ಎಂದಿನಂತೆ ಇಬ್ಬರೇ.

ಕಲ್ಯಾಣಪ್ಪ


ಗಾಜಿಪುರ
5 ಫೆಬ್ರವರಿ 2025

ಕಲ್ಯಾಣಪ್ಪ,

ರೊಟ್ಟಿ ಮುರಿಯದೆ ಬಂತು. ಸುಳ್ಳು ಮಾತ್ರ ದಾರಿಯಲ್ಲೇ ಮುರಿಯಿತು.

ಅತ್ತಿಗೆ ಮಲಗುವುದು ಎಡಕ್ಕೆ. ಅವರ ಭಾರಕ್ಕೆ ಬಲಗಡೆಯ ರೊಟ್ಟಿ ಹಪ್ಪಳವಾಗುವುದಿಲ್ಲ. ಬಲಗಡೆಯ ಒಂಟಿ ಸೀಟಿನಲ್ಲಿ ಒಬ್ಬರು ಕೂರುತ್ತಾರೆ, ನೂರು ಕಿಲೋಗೆ ಕಡಿಮೆಯಿಲ್ಲ. ಹೋಗುವಾಗ ಪೆಟ್ಟು ಹೆಚ್ಚು, ಬರುವಾಗ ಕಡಿಮೆ. ನಿನ್ನ ಗಾಡಿಯಲ್ಲಿ ಬರುವಾಗ ಹಗುರಾಗುವ ದಾರಿ ಒಂದೇ. ಮಷೀನು ಮೈಯಿಂದ ಮೂರು ಕಿಲೋ ನೀರು ಇಳಿಸಿ ಕಳಿಸುತ್ತದೆ. ತಾಗಲೋ ಬೇಡವೋ ಎನ್ನುವಷ್ಟು ಸಂದಿ ಇರುವ ಕಡೆ ಮೂರು ಕಿಲೋ ಬಹಳ. ಅಂದರೆ ಆ ಸೀಟಿನವರೂ ರೋಗಿ.

ಅವರು ಯಾರೆಂದು ನಿನ್ನ ಮೊದಲ ಪತ್ರದಲ್ಲೇ ಇತ್ತು. ನಾನೇ ತಡವಾಗಿ ಓದಿದೆ. "ತುಂಬಿದ ಕೊಡಕ್ಕೆ ಗೆಣ್ಣಿನಿಂದ ಹೊಡೆದಂತೆ." "ಹೊರಗಿನ ಪೆಟ್ಟು, ಒಳಗಿನದಲ್ಲ." ಮದುವೆ ಬ್ಯಾಂಡಿಗೂ ಲಾರಿ ಹಾರನ್ನಿಗೂ ವ್ಯತ್ಯಾಸ ತಿಳಿಯದವನು ನೀನು. ಈ ಮಾತು ನಿನ್ನದಲ್ಲ. ಸೈಲೆನ್ಸರಿನ ಸದ್ದನ್ನು ಕೊಡಗಳಲ್ಲಿ ಹೇಳುವ ಮನುಷ್ಯ ಒಬ್ಬನೇ, ನನ್ನ ಅಣ್ಣ ಕರೀಂಭಾಯಿ.

ಹನ್ನೆರಡು ವರ್ಷದ ಹಿಂದೆ, ನಾನು ಬೆಸೆದ ಸೈಲೆನ್ಸರ್ ಸೋರಿ ಗಾಡಿ ಮರಳಿ ಬಂದ ದಿನ, ಗಿರಾಕಿಗಳ ಎದುರು ಅಣ್ಣ ಹೇಳಿದ್ದು ನಿನಗೆ ನೆನಪಿರಬೇಕು. ನೀನೂ ಅಲ್ಲೇ ಚಹಾ ಕುಡಿಯುತ್ತಿದ್ದೆ. "ಕಿವಿ ಹೋದವ ಸೈಲೆನ್ಸರ್ ಮುಟ್ಟಬಾರದು." ನನ್ನ ಕಿವಿ ಯಾಕೆ ಹೋಯಿತು, ಅವನದು ಯಾಕೆ ಉಳಿಯಿತು? ಮೂವತ್ತು ವರ್ಷ ಸುತ್ತಿಗೆ ನನ್ನ ಕೈಯಲ್ಲಿತ್ತು. ಅವನು ಹೊರಗೆ ನಿಂತು ಕೇಳುತ್ತಿದ್ದ. ಅದನ್ನು ನಾನು ಅಂದು ಹೇಳಲಿಲ್ಲ, ನಮ್ಮಿಬ್ಬರ ಅಂಗಡಿ ಬಿಟ್ಟು ಬಂದೆ. ಇಂದೂ ಹೇಳುವುದಿಲ್ಲ, ನಿನಗೆ ಮಾತ್ರ.

ಕರೀಂಭಾಯಿಗೆ ಯಾವಾಗಿನಿಂದ ಈ ರೋಗ?

ಚಾಂದಪಾಶಾ


ಕಮಲಾಪುರ
10 ಫೆಬ್ರವರಿ 2025

ಚಾಂದ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎರಡು ರೊಟ್ಟಿ, ಒಂದು ಪುಟ ಅಂಕಿ. ಅಷ್ಟರಲ್ಲಿ ನೀನು ಕಮಲಾಪುರದ ಒಬ್ಬ ಮನುಷ್ಯನನ್ನು ಅವನ ಸೀಟು, ತೂಕ, ರೋಗದ ಸಮೇತ ಗಾಜಿಪುರದಲ್ಲಿ ಕೂತು ಹಿಡಿದೆ. ಮುಂದಿಟ್ಟ ಚಹಾ ಮರೆತು ಪತ್ರವನ್ನು ಮತ್ತೆ ಬಿಚ್ಚಿದೆ. ಜಯದೇವಿ ಗಾಬರಿಯಾಗಿ, "ಯಾಕ್ರಿ, ಜ್ವರ ಬಂದದೇನು?" ಎಂದಳು.

ಹೌದು, ಕರೀಂಸಾಬರೇ. ನಿಮ್ಮ ಹಳೆಯ ಅಂಗಡಿ ಮುಚ್ಚಿ ಇಲ್ಲಿ ಮಗಳು ಫರ್ಹೀನಳ ಮನೆಗೆ ಬಂದ ವಿಷಯ ನಿನಗೆ ಗೊತ್ತಿದೆ. ಕಿಡ್ನಿ ಹೋಗಿ ಒಂಬತ್ತು ತಿಂಗಳು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ, ಬಾತ ಕಾಲನ್ನು ಬಸ್ಸಿನ ಮೆಟ್ಟಿಲಿಗೆ ಎತ್ತಲಾರದೆ ನಿಂತಿದ್ದರು. ನಾನು ಗಾಡಿ ನಿಲ್ಲಿಸಿದೆ. ಹತ್ತುವ ಮೊದಲೇ ಕರಾರು ಹಾಕಿದರು. "ಕಲ್ಯಾಣಪ್ಪ, ಚಾಂದ್‌ಗ ಹೇಳಬ್ಯಾಡ. ರೋಗ ಬಂತು ಅಂತ ಅವ ಓಡಿ ಬರ್ತಾನ. ರೋಗ ನೋಡಿ ಬರೂದು ಬ್ಯಾಡ." ಆ ಮಾತಿಗೆ ಕಟ್ಟುಬಿದ್ದು ನಿನ್ನೆದುರು ಸುಳ್ಳಾಡಿದೆ. ಜೋಳದ ಹಿಟ್ಟು ನನಗಿಂತ ಪ್ರಾಮಾಣಿಕವಾಯಿತು.

ಪೆಟ್ಟು ಎಣಿಸಿದವರೂ ಅವರೇ. ನಾನು ಬರೆದುಕೊಂಡೆ ಅಷ್ಟೇ. ಕಣ್ಣು ಮುಚ್ಚಿ ಕೂತಿರುತ್ತಾರೆ, ನಿದ್ದೆ ಬಂದಿದೆ ಅನಿಸುತ್ತದೆ. ಪೆಟ್ಟು ಬೀಳುತ್ತಲೇ ಒಂದು ಬೆರಳು ಮೇಲೇಳುತ್ತದೆ.

ನಿನ್ನ ಪತ್ರಗಳನ್ನು ಅವರಿಗೆ ಓದಿ ಹೇಳಿದೆ, ಪೂರ್ತಿಯಾಗಿ. ಸುತ್ತಿಗೆಯ ಸಾಲನ್ನೂ. ನೀನು ನನಗೆ ಮಾತ್ರ ಎಂದು ಬರೆದಿದ್ದೆ. ನಾನು ಕೇಳಲಿಲ್ಲ, ಬೈಯುವುದಾದರೆ ಬೈ. ಅವರು ಅಂದದ್ದು ಇಷ್ಟೇ: "ಅವನಿಗೆ ಭಾರ ಬೇಕಲ್ಲಾ? ನೂರಾ ನಾಲ್ಕು ಕಿಲೋ ಉಸುಕು ಚೀಲದಾಗ ತುಂಬಿ ನನ್ನ ಸೀಟಿನ ಮ್ಯಾಲ ಇಡು. ಒಯ್ದು ತೋರಿಸು. ನಾ ಬರೂದಿಲ್ಲ."

ಉಸುಕು ತುಂಬಿಸಿ ಇಟ್ಟಿದ್ದೇನೆ. ಯಾವಾಗ ತರಲಿ?

ಕಲ್ಯಾಣಪ್ಪ


ಗಾಜಿಪುರ
15 ಫೆಬ್ರವರಿ 2025

ಕಲ್ಯಾಣಪ್ಪ,

ಉಸುಕನ್ನು ಕೆಳಗೆ ಸುರಿ.

ಅಣ್ಣನಿಗೆ ಇದನ್ನೂ ಓದಿ ಹೇಳು. ನೀನು ಹೇಗೂ ಓದುತ್ತೀಯ.

ಭಾರವನ್ನು ಉಸುಕು ಕೊಡುತ್ತದೆ, ನಿಜ. ಆ ಭಾರದಲ್ಲಿ ಪೈಪು ಸರಿಸಿ ಸಂದಿ ಮಾಡಬಲ್ಲೆ. ಎಲ್ಲ ಬಿಗಿ ಮಾಡಿದ ಮೇಲೆ, ಗಾಡಿ ಕುಣಿಸಿದಾಗ ಕೂದಲಿನಷ್ಟು ತಾಗಿದರೂ ಹೇಳುವವರು ಯಾರು? ದೊಡ್ಡ ಪೆಟ್ಟು ನನ್ನ ಅಂಗೈಗೆ ತಿಳಿಯುತ್ತದೆ. ಬಿಸಿಗೆ ಪೈಪು ಹಿಗ್ಗಿ ಸವರಿದರೆ ತಿಳಿಯುವುದಿಲ್ಲ. ಹನ್ನೆರಡು ವರ್ಷದಿಂದ ಈ ಒಂದು ಜಾಗದಲ್ಲಿ ನನ್ನ ಕೆಲಸ ಕುರುಡು. ಗಿರಾಕಿಯನ್ನು ಕೇಳುತ್ತೇನೆ, ಅವನು ತಲೆಯಾಡಿಸುತ್ತಾನೆ, ನಾನು ನಂಬುತ್ತೇನೆ. ಇದು ನಂಬಿಕೆಗೆ ಬಿಡುವ ಗಾಡಿಯಲ್ಲ. ಇದರಲ್ಲಿ ಇಬ್ಬರು ರೋಗಿಗಳು ಹೋಗುತ್ತಾರೆ.

ಉಸುಕಿಗೆ ಕಿವಿಯಿಲ್ಲ. ನನಗೆ ಆ ಕಿವಿ ಬೇಕು.

ಮಂಗಳವಾರ, 25ಕ್ಕೆ, ಆಸ್ಪತ್ರೆಯ ಎರಡನೇ ಪಾಳಿ ಕೇಳಿಕೊಂಡು, ಮುಂಜಾನೆ ಏಳಕ್ಕೆ ಬನ್ನಿ. ಅವನು ಗಾಡಿಯಿಂದ ಇಳಿಯುವುದು ಬೇಡ. ಇಳಿದರೆ ಭಾರ ಹೋಗುತ್ತದೆ. ನಾನು ಹೊಂಡದಲ್ಲೇ ಇರುತ್ತೇನೆ. ಮುಖ ನೋಡುವ ತೊಂದರೆ ಇಬ್ಬರಿಗೂ ಇಲ್ಲ.

ಚಾಂದಪಾಶಾ


ಕಮಲಾಪುರ
26 ಫೆಬ್ರವರಿ 2025

ಚಾಂದ್,

ನಿನ್ನೆ ನೀನು ಕೆಳಗಿದ್ದೆ. ಮೇಲೆ ಏನು ನಡೆಯಿತು ಎನ್ನುವುದು ನಿನಗೆ ಕಾಣಲಿಲ್ಲ, ಕೇಳಲಿಲ್ಲ. ಅದು ನಿನಗೆ ಸಲ್ಲಬೇಕಾದದ್ದು, ಒಂದಕ್ಷರ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಕರೀಂಸಾಬರು ಬರುತ್ತಾರೋ ಇಲ್ಲವೋ ಎಂದುಕೊಂಡೇ ಫರ್ಹೀನಳ ಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆತ್ತ ಹಿಡಿದು, ಕಟ್ಟೆಯ ಮೇಲೆ ಕೂತಿದ್ದರು. "ಕರೀಂಅಣ್ಣಾ, ಆಸ್ಪತ್ರಿಗಿ ಹೊಂಟೀರೋ ನಿಕ್ಕಾಕ್ಕ ಹೊಂಟೀರೋ?" ಎಂದು ಜಯದೇವಿ ಒಳಗಿಂದಲೇ ಕೂಗಿದಳು. ಅವರು ನಗಲಿಲ್ಲ. ಗಾಜಿಪುರ ಬರುವವರೆಗೆ ಒಂಬತ್ತು ಸಲ ಬೆರಳು ಎದ್ದಿತು.

ನೀನು ಹೊಂಡದಿಂದ ತಲೆ ಎತ್ತಲಿಲ್ಲ. ಅವರು ಸೀಟಿನಿಂದ ಕತ್ತು ಚಾಚಲಿಲ್ಲ. ನಡುವೆ ಒಂದು ತಗಡು. ಆಮೇಲೆ ನೀನು ಬಲಗಡೆಯ ಪೈಪಿನ ತುಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಬೆಸುಗೆಯ ಮೇಲೆ ನನ್ನ ಉಗುರು ಎಳೆಸಿದೆ. ಉಗುರು ಒಂದು ಕಡೆ ಸಿಕ್ಕಿತು. ಕಣ್ಣಿಗೆ ಏನೂ ಕಾಣದ ಬಿರುಕು. ನೀನು ಸ್ಲೇಟಿನಲ್ಲಿ "ಇನ್ನೊಂದು ವಾರಕ್ಕೆ ಸೀಳುತ್ತಿತ್ತು" ಎಂದು ಬರೆದೆ. ನಾನು ಅದನ್ನು ಜಯದೇವಿಗೆ ತೋರಿಸಲಿಲ್ಲ. ಕರೀಂಸಾಬರಿಗೆ ತೋರಿಸಿದೆ. ಅವರು ಆ ತುಂಡನ್ನು ಕಿವಿಯ ಹತ್ತಿರ ಹಿಡಿದು ಗೆಣ್ಣಿನಿಂದ ಒಮ್ಮೆ ಬಡಿದು, "ಖರೆ. ಒಡದದ" ಎಂದರು. ನೀವಿಬ್ಬರೂ ಒಂದೇ ಬಿರುಕನ್ನು, ಒಬ್ಬ ಉಗುರಿನಿಂದ, ಒಬ್ಬ ಕಿವಿಯಿಂದ ಓದಿದಿರಿ. ನನಗೆ ಎರಡು ಕಣ್ಣು ಇದ್ದೂ ಕಾಣಲಿಲ್ಲ.

ನೀನು ಅದನ್ನು ಹೊಂಡದಲ್ಲೇ ಬೆಸೆದು, ಜೋತು ಬಿದ್ದ ರಬ್ಬರು ಬದಲಾಯಿಸಿದೆ. ಕೀಲುಗಳನ್ನು ಸಡಿಲ ಮಾಡಿ, ಭಾರ ಕೂತಿರುವಂತೆಯೇ ಪೈಪನ್ನು ಇಷ್ಟಿಷ್ಟೇ ತಿರುಗಿಸಿದೆ. ರಾಡಿನ ಹಿಡಿಕೆಗಳಿಗೆ ದಪ್ಪ ವಾಷರ್ ಕೊಟ್ಟು ಅದನ್ನು ಅರ್ಧ ಬೆರಳು ಕೆಳಗಿಳಿಸಿದೆ. ಆಮೇಲೆ ಇಂಜಿನ್ ಕಾಯಿಸಿ, ನಾನೂ, ಟೆಂಪೋ ನಿಲ್ಲಿಸಿ ಬಂದಿದ್ದ ದೌಲಪ್ಪನೂ ಹಿಂದಿನ ಬಂಪರ್ ಮೇಲೆ ನಿಂತು ಕುಣಿದೆವು. ಅರವತ್ತೆರಡನೇ ವಯಸ್ಸಿನಲ್ಲಿ, ಗಾಜಿಪುರದ ರಸ್ತೆಗೆಲ್ಲ ಕಾಣುವಂತೆ, ಧೋತರ ಹಿಡಿದುಕೊಂಡು.

ಸದ್ದು ನನಗೆ ಕೇಳಿಸಲಿಲ್ಲ. ಕರೀಂಸಾಬರು ಕಣ್ಣು ಮುಚ್ಚಿ ಬೆತ್ತದಿಂದ ಗಾಡಿಯ ನೆಲಕ್ಕೆ ಒಂದು ಸಲ ಕುಟ್ಟಿದರು. ಕೆಳಗೆ ನಿನ್ನ ಅಂಗೈ ಗಾಡಿಯ ಹೊಟ್ಟೆಗೆ ಅಂಟಿತ್ತು. ನೀನು ತಕ್ಷಣ ಪಾನಾ ಹಾಕಿ ಬೋಲ್ಟು ತಿರುಗಿಸಿದೆ. ಮತ್ತೆ ಕುಣಿದೆವು, ಮತ್ತೆ ಒಂದು ಸಲ ಕುಟ್ಟಿದರು. ಮತ್ತೆ ಪಾನಾ. ಏಳು ಸಲ. ಯಾರೂ ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ಹಳೆಯ ಅಂಗಡಿಯ ರೂಢಿ ಇರಬೇಕು, ನನಗೆ ಗೊತ್ತಿರಲಿಲ್ಲ. ಜಯದೇವಿ ಹಾಸಿಗೆಯಿಂದ ಎದ್ದು ಕೂತು ನೋಡುತ್ತಿದ್ದಳು. ಎಂಟನೇ ಸಲ ಬೆತ್ತ ಎರಡು ಸಲ ಕುಟ್ಟಿತು. ಕೆಳಗೆ ನಿನ್ನ ಪಾನಾ ನಿಂತಿತು.

ಆಗ ಅವರು ಅಂದದ್ದು ಇದು. ಜಯದೇವಿಯ ಕಡೆ ನೋಡಿ ಅಂದರು, ಆದರೆ ಅವಳಿಗಲ್ಲ. "ನಾ ಕಿವಿಲೆ ಹುಡುಕ್ತಿದ್ದೆ. ಇವ ಕೈಲೆ ಕೇಳ್ತಾನ. ಈ ವಿದ್ಯಾ ನಾ ಕಲಿಸಿದ್ದಲ್ಲ."

ಪಾಳಿಗೆ ಹೊತ್ತಾಗಿತ್ತು, ಹೊರಟೆವು. ನೀನು ಹೊಂಡದಲ್ಲೇ ಇದ್ದೆ.

ಬರುವಾಗ ತಾಜಸುಲ್ತಾನಪುರದ ಹಂಪುಗಳು ಬಂದವು, ಹೋದವು. ಬೆರಳು ಏಳಲಿಲ್ಲ. ಜಯದೇವಿಗೆ ನಿದ್ದೆ ಹತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆಯಲು ಏನೂ ಇರಲಿಲ್ಲ. ಕಮಲಾಪುರ ಮುಟ್ಟಿ ಗಾಡಿ ನಿಲ್ಲಿಸಿದರೂ ಕರೀಂಸಾಬರು ಇಳಿಯಲಿಲ್ಲ.

"ಮೂವತ್ತೇಳು ಕಿಲೋಮೀಟರ್ ಕಿವಿ ಕೊಟ್ಟು ಕುಂತಿದ್ದೆ, ಕಲ್ಯಾಣಪ್ಪ. ಏನೂ ಇಲ್ಲ. ಏನಂದ್ರ ಏನೂ ಇಲ್ಲ" ಎಂದರು. ಇಳಿಯಲು ಬೆತ್ತ ಊರುತ್ತ ಕೇಳಿದರು: "ಚಾಂದ್‌ಗ ದಿನಾ ಹಿಂಗಾ ಇರ್ತದೇನು?"

ನೀನೇ ಹೇಳಬೇಕು.

ಕಲ್ಯಾಣಪ್ಪ


ಗಾಜಿಪುರ
6 ಮಾರ್ಚ್ 2025

ಕಲ್ಯಾಣಪ್ಪ,

ಹೊಸ ಬೋಲ್ಟುಗಳನ್ನು ಐನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಬೇಕು. ವಾಷರ್ ಕೂತುಕೊಂಡಂತೆ ಅವು ಸಡಿಲಾಗುತ್ತವೆ. ನಿನ್ನ ಲೆಕ್ಕದಲ್ಲಿ ಎಣಿಸಿದೆ, 18ನೇ ತಾರೀಖು ಮಂಗಳವಾರಕ್ಕೆ ಐನೂರರ ಹತ್ತಿರ ಬರುತ್ತದೆ.

ರಂಜಾನಿನ ರೋಜಾ ನಡೆದಿದೆ, ನನಗೆ ಹಗಲು ಉಪವಾಸ. ಚಹಾ ನಿನಗೂ ಅತ್ತಿಗೆಗೂ ಹೊರಗಿನಿಂದ ತರಿಸುತ್ತೇನೆ. ಅಣ್ಣನಿಗೆ ದಿನಕ್ಕೆ ಎಷ್ಟು ನೀರು ಬಿಟ್ಟಿದ್ದಾರೆ, ಬರೆದು ಕಳಿಸು. ಅದರಲ್ಲಿ ಅರ್ಧ ಲೋಟ ಇಲ್ಲಿಯ ಚಹಾಕ್ಕೆ ಉಳಿಸಿಕೊಂಡು ಬರಲಿ.

ಅವನು ಕೇಳಿದ್ದಕ್ಕೆ ಉತ್ತರ ಕಾಗದದಲ್ಲಿ ಹಿಡಿಯುವುದಿಲ್ಲ.

ಬೋಲ್ಟು ಬಿಗಿ ಮಾಡಲು ಭಾರ ಬೇಕಿಲ್ಲ. ಅಣ್ಣ ಇಳಿದು ಕೂರಲಿ. ಹೊಂಡದ ಪಕ್ಕದಲ್ಲಿ ಕುರ್ಚಿ ಹಾಕಿದ್ದೇನೆ.

ಚಾಂದಪಾಶಾ